ಪಾಲಿನ ಮರಿ

ಪಾಲಿಗೆ ಕೊಟ್ಟ ಮೇಕೆಯ ಮರಿ ಸತ್ತರೆ, ಸಾಕಿದವನು ಅದರ ಚರ್ಮ ತಂದು ಒಡತಿಯ ಅಂಗಳದಲ್ಲಿ ಹಾಕಬೇಕು. ಆ ಊರಲ್ಲಿ ನಂಬಿಕೆ ಅಂದರೆ ಅಷ್ಟೇ. ಹೊಂಬಾಳೆಯ ಅಂಗಳಕ್ಕೆ ಚರ್ಮ ಬರಲಿಲ್ಲ, ಮಾತು ಬಂತು.

“ಚಿಕ್ಕಮಾದು ಹಿತ್ತಲಲ್ಲಿ ಮರಿ ಸುಲೀತಿದ್ದ ಕಣೆ,” ನೆರೆಮನೆಯ ಚಿಕ್ಕಬೋರಮ್ಮ ನೀರು ಸೇದುತ್ತಾ ಕಿವಿ ಕಚ್ಚಿದಳು. “ಈ ಲಡಾಯಿ ಕಾಲ್ದಲ್ಲೂ ಹೊಳೇತಾವ ಬ್ಲಫ್ಫಲ್ಲಿ ಕರೆಂಟು ತೆಗಿಯೋ ಸಾಯೇಬ್ರಿಗೆ ಎಳೇ ಮಾಂಸ ಬೇಕಂತೆ. ನಿನ್ ಮರಿ ಅಲ್ಲಾಂತ ಯಾರ್ ಕಂಡೋರು?”

ಅಪ್ಪ ಸತ್ತ ಮೇಲೆ ಹೊಂಬಾಳೆಗೂ ಅವ್ವನಿಗೂ ಉಳಿದ ಆಸ್ತಿ ಅದೊಂದು ಮೇಕೆ. ಇಬ್ಬರೂ ಕಬ್ಬಿನ ಗದ್ದೆ ಕೂಲಿಗೆ ಹೋದರೆ ಮೇಯಿಸುವವರಿಲ್ಲ ಅಂತ ಹುಟ್ಟುವ ಮರಿಗಳಲ್ಲಿ ಅರ್ಧ ಅವನಿಗೆ ಎಂದು ಮಾದುವನ್ನು ನಂಬಿ ಪಾಲಿಗೆ ಕೊಟ್ಟಿದ್ದಳು. ಮೇಕೆ ನೋಡುವ ನೆಪದಲ್ಲಿ ಅವನ ಹಟ್ಟಿಗೆ ಹೋಗುವಳು. ನಕ್ಕಾಗ ಅವನ ಕೆನ್ನೆಯಲ್ಲಿ ಬೀಳುವ ಗುಳಿಯನ್ನು ಕಂಡೂ ಕಾಣದವಳಂತೆ ತಿರುಗಿ ಬರುವಳು. ಇವತ್ತು ಮೇಕೆ ಬಿಡಿಸಿಕೊಂಡು ಬಂದರೆ ಆ ದಾರಿಯೂ ಮುಗಿಯಿತು. ಆದರೂ ಹಗ್ಗ ಹಿಡಿದು ಹೊರಟಳು.

“ಏನ್ ಹೊಂಬಾಳಮ್ಮೋರು, ಹಗ್ಗ ಇಡ್ಕಂಡ್ ಬಂದವ್ರೆ! ನನ್ ಕಟ್ಟಾಕಕ್ಕಾ?” ಮಾದು ನಕ್ಕ.

“ಹಲ್ಲು ಮುಚ್ಕೊ. ನನ್ ಮೇಕೆ ಈದಿದ್ದು ಎರಡು. ಇಲ್ಲಿರೋದು ಒಂದೇ ಮರಿ. ಇನ್ನೊಂದೆಲ್ಲಿ?”

“ಅದೆ.”

“ಎಲ್ಲದೆ? ಬ್ಲಫ್ ಸಾಯೇಬ್ರ ಒಟ್ಟೇಲಾ?”

ಅವನ ನಗು ಆರಿತು. ಕೊಟ್ಟಿಗೆಯ ತಡಿಕೆ ಸರಿಸಿದ. ಒಳಗೆ ಅವನದೇ ಕಪ್ಪು ಮೇಕೆ. ಅದರ ಕೆಚ್ಚಲಿಗೆ ಬಾಯಿ ಹಾಕಿದ್ದ ಮರಿಯ ಬೆನ್ನ ಮೇಲೆ ಕಪ್ಪು ತೊಗಲೊಂದನ್ನು ದಾರದಿಂದ ಕಟ್ಟಿತ್ತು. ತೊಗಲಿನಡಿ ಇಣುಕಿದ ಕಾಲು ಮಾತ್ರ ಬಿಳಿ.

ಅವಳ ಮರಿಯ ಕಾಲು.

“ಇದೇನ್ಲಾ ಮಾಟ?”

“ಮಾಟ ಅಲ್ಲ ಕಣಮ್ಮಿ. ನಿನ್ ಮೇಕೇದು ಒಂದ್ ಮೊಲೆ ಬತ್ತೋಗದೆ. ಇದು ಹಾಲಿಲ್ದೆ ಸೊರಗ್ತಿತ್ತು. ಅಷ್ಟ್ರಲ್ಲಿ ನನ್ ಮೇಕೆ ಮರಿ ಸತ್ತೋಯ್ತು. ತಾಯಿ ವಾಸ್ನೆ ನೋಡ್ದೆ ಮೊಲೆಗೆ ಬುಡಲ್ಲ. ಸತ್ತಿದ್ರ ತೊಗಲು ಇದ್ರ ಮೈಗೆ ಕಟ್ದೆ. ತನ್ ಮರೀಂತ ನಂಬ್ಕತ್ತು.”

ಹೊಂಬಾಳೆ ಮರಿಯ ಪಕ್ಕೆ ಸವರಿದಳು. ಹೋದ ಸಲ ಬೆರಳಿಗೆ ಚುಚ್ಚುತ್ತಿದ್ದ ಮೂಳೆ ಸಿಗಲಿಲ್ಲ. ಹೊಟ್ಟೆ ದುಂಡಗೆ ತುಂಬಿತ್ತು. ಕಣ್ಣು ಒದ್ದೆಯಾಯಿತು. ಅನುಮಾನ ಮಾತ್ರ ಆರಲಿಲ್ಲ.

“ನಿನ್ ಮೇಕೆ ಹಾಲು ಕುಡೀತೂಂತ ನಾಳೆ ಈ ಮರಿ ನಂದೂ ಅಂತೀಯಾ?”

“ಅನ್ನಲ್ಲ. ಎರಡೂ ನಿಂಗೇ.”

“ಪಾಲು ಬುಟ್ಟೋರ್ನ ನಾ ಕಂಡಿಲ್ಲ. ಏನೋ ಅದೆ ನಿನ್ ಮನಸಲ್ಲಿ.”

“ಅದೆ.” ಅವನು ನೆಲ ನೋಡಿದ. “ಒಂದೇ ಹಟ್ಟೀಲಿ ಕಟ್ಟೋ ಮೇಕೆಗೆ ಪಾಲ್ಯಾಕೆ ಅಂತ.”

ಅವಳ ಕಿವಿ ಬಿಸಿಯಾಯಿತು. “ನಿಮ್ಮವ್ವ ಏನಂತಾಳೆ?”

“ಕೇಳಿವ್ನಿ. ಒಪ್ಪವ್ಳೆ.”

“ಯಾವಾಗ ಕೇಳ್ದೆ?”

“ನೀ ಮೇಕೆ ತಂದ್ಬುಟ್ಟ ದಿನಾನೇ.”

“ಅಂಗಾರೆ ನನ್ ಮೇಕೆ ಇಸ್ಕಂಡಿದ್ದೇ ಮೋಸಕ್ಕೆ!”

“ಊಂ ಕಣೆ. ಅದೊಂದ್ ಮೋಸ ದಿಟ.”

ಹೊಂಬಾಳೆ ಅವನ ಮುಖವನ್ನೇ ದಿಟ್ಟಿಸಿದಳು. ಎಷ್ಟು ಹುಡುಕಿದರೂ ಅಲ್ಲಿ ಸುಳ್ಳು ಸಿಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

“ನಾಳೆ ನಿಮ್ಮವ್ವನ್ನ ನಮ್ಮನೆಗೆ ಕಳ್ಸು. ನಿನ್ ಬಾಯ್ಮಾತು ನಾ ನಂಬಾಕಿಲ್ಲ.”