ಫಿಲ್ಮಿನ ಮೇಲಿನ ಕಮಾನುಗೆರೆ

“ನಾನು ಸಹಿ ಹಾಕಲ್ಲ. ಕೆಲಸದಿಂದ ತೆಗೆದ್ರೆ ತೆಗೀಲಿ. ಮಾಡದೇ ಇರೋ ತಪ್ಪನ್ನ ಒಪ್ಪಿಕೊಂಡು ಬರೆದುಕೊಡೋ ಜಾಯಮಾನ ನಂದಲ್ಲ.”

ಬಂದ ಹೆಂಗಸು ಕೂರುವ ಮೊದಲೇ ಆಡಿದ ಮಾತು ಇದು. ಡ್ರಾಯಿಂಗ್ ಮೇಷ್ಟ್ರು ಕುರ್ಚಿ ಎಳೆದುಕೊಟ್ಟರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಉದ್ಯೋಗ ಎರಡೇ: ಅತ್ತಿಗೆಯ ಮನೆಗೆ ತೊಡಕು ಹೊತ್ತು ಬಂದವರನ್ನು ಕೂರಿಸುವುದು, ಅತ್ತಿಗೆ ಹೊರಟ ಕಡೆ ಹಿಂದೆ ಹೋಗುವುದು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದು ತಲೆ ನರೆಸಿಕೊಂಡಿದ್ದ ಆಕೆ, ಮೇಷ್ಟ್ರು ಕರೆದೂ ಕರೆದೂ ಊರಿಗೆಲ್ಲ ಅತ್ತಿಗೆಯೇ ಆಗಿಬಿಟ್ಟಿದ್ದರು.

ಬಂದವಳು ಒಂದು ಎಕ್ಸ್‌ರೇ ಕೇಂದ್ರದ ಹಗಲು ಪಾಳಿಯ ತಂತ್ರಜ್ಞೆ. ಅಲ್ಲಿ ಕೆಲಸ ಮಾಡುವವರು ಎದೆಗೆ ಒಂದು ಬ್ಯಾಡ್ಜು ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ವಿಕಿರಣ ತಾಗಿತೆಂದು ಅದರೊಳಗಿನ ಪುಟ್ಟ ಫಿಲ್ಮು ಕಪ್ಪಾಗಿ ತೋರಿಸುತ್ತದೆ. ಆಗಾಗ ಅದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಈ ಸಲ ಉಳಿದವರದೆಲ್ಲ ಸರಿಯಾಗಿತ್ತು. ಇವಳದು ಮಾತ್ರ ಮಿತಿ ಮೀರಿತ್ತು.

“ನಿಮ್ಮ ಕೇಂದ್ರದ ಯಜಮಾನರು ಏನಂತಾರೆ?” ಎಂದರು ಅತ್ತಿಗೆ.

“ಡಾಕ್ಟ್ರೇ ಯಜಮಾನರು, ವಿಕಿರಣ ಸುರಕ್ಷತೆಯ ಅಧಿಕಾರಿನೂ ಅವರೇ. ನೀನೇ ಬೇಕಂತ ಬ್ಯಾಡ್ಜನ್ನ ಮೆಷಿನ್ ಮುಂದೆ ಇಟ್ಟಿದ್ದೀಯ ಅಂತಾರೆ. ಬೈಯಲ್ಲ. ಮಗಳಿಗೆ ಬುದ್ಧಿ ಹೇಳೋ ಹಾಗೆ ಹೇಳ್ತಾರೆ. ‘ತಪ್ಪಾಯ್ತು ಅಂತ ಬರೆದುಕೊಡಮ್ಮ, ನಿಯಂತ್ರಣ ಮಂಡಳಿಯವರಿಗೆ ನಾನು ಹೇಳ್ಕೋತೀನಿ’ ಅಂತ.”

“ನಿಮ್ಮನ್ನ ಕಂಡ್ರೆ ಆಗದವರು ಯಾರಾದ್ರೂ ಇದ್ದಾರಾ?”

“ರಾತ್ರಿ ಪಾಳಿಯವನಿಗೂ ನನಗೂ ಎಣ್ಣೆ ಸೀಗೇಕಾಯಿ. ಬಡ್ತಿ ನನಗೆ ಸಿಕ್ತಲ್ಲ, ಅವತ್ತಿಂದ. ಬ್ಯಾಡ್ಜನ್ನ ಮನೆಗೆ ಒಯ್ಯೋ ಹಾಗಿಲ್ಲ, ಕೆಲಸ ಮುಗಿದ ಮೇಲೆ ಹಜಾರದ ಗೂಡಿನಲ್ಲಿ ಇಟ್ಟು ಹೋಗ್ತೀವಿ. ಅವನು ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಮಾಡಬಹುದು.” ತಾನೇ ಸೇರಿಸಿದಳು, “ಆದ್ರೆ ನೋಡದೇ ಯಾರ ಮೇಲೂ ಹೇಳಲ್ಲ. ಡಾಕ್ಟ್ರು ನನ್ನ ಮೇಲೆ ಹೇಳಿದ ಹಾಗೆ.”

ಆ ಮಾತಿಗೇ ಅತ್ತಿಗೆ ಕೇಸು ಒಪ್ಪಿಕೊಂಡರೆಂದು ಮೇಷ್ಟ್ರಿಗೆ ಗೊತ್ತಾಯಿತು.

ಪ್ರಯೋಗಾಲಯದವರು ಫಿಲ್ಮಿನ ಚಿತ್ರವನ್ನೂ ಅದೇ ಅಳತೆಯಲ್ಲಿ ಕಳಿಸಿದ್ದರು. ಅತ್ತಿಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಪಾಲು ಕಪ್ಪು, ಒಂದು ಪಾಲು ಬಿಳಿ. ನಡುವಿನ ಗೆರೆ ಕಮಾನಿನಂತೆ ಬಾಗಿತ್ತು, ಚಾಕುವಿನಿಂದ ಕೊಯ್ದಷ್ಟು ಚೂಪಾಗಿತ್ತು.

“ಮೇಷ್ಟ್ರೇ, ನಿಮ್ಮ ಕೈವಾರಕ್ಕೆ ಕೆಲಸ ಬಂತು.”

ಮೇಷ್ಟ್ರು ಬಾಗಿದ ಗೆರೆಯ ಕೇಂದ್ರ ಹುಡುಕಿ ವೃತ್ತವನ್ನು ಪೂರ್ತಿ ಮಾಡಿದರು. ಮುಷ್ಟಿ ಹಿಡಿಸುವಷ್ಟು ಅಗಲ ಬಂತು. ಅತ್ತಿಗೆ ಆ ಕಾಗದವನ್ನು ಮಡಿಚಿ ಅವರ ಜೇಬಿಗೇ ತುರುಕಿದರು.

ಮರುದಿನ ಇಬ್ಬರೂ ಕೇಂದ್ರಕ್ಕೆ ಹೋದರು. ಡಾಕ್ಟರು ತಾವೇ ಎದ್ದು ಬಂದು ಬರಮಾಡಿಕೊಂಡರು. “ಧಾರಾಳವಾಗಿ ನೋಡಿ. ನಮ್ಮಲ್ಲಿ ಮುಚ್ಚುಮರೆ ಏನೂ ಇಲ್ಲ,” ಎಂದು ಹಿಂದಿನ ಕೋಣೆಗೆ ಮರಳಿದರು. ಹಿಂದೊಮ್ಮೆ ಫಿಲ್ಮು ತೊಳೆಯಲೆಂದು ಕಟ್ಟಿಸಿದ್ದ ಕತ್ತಲಕೋಣೆ ಅದು. ಕಿಟಕಿಯಿಲ್ಲ, ಹಾಡಹಗಲಲ್ಲೂ ಟ್ಯೂಬ್‌ಲೈಟು ಉರಿಯುತ್ತಿತ್ತು.

ಹಜಾರದಲ್ಲಿ ರೋಗಿಗಳ ಚೀಟಿ ಬರೆಯುವ ಹೆಂಗಸಿನ ಮೇಜಿತ್ತು. ಎಲ್ಲರೂ ಆಕೆಯನ್ನು ಚೀಟಿಯಕ್ಕ ಎನ್ನುತ್ತಿದ್ದರು. ಆಕೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರೆ ತಲೆಯ ಮಟ್ಟದಲ್ಲೇ, ಹಿಂದೆ, ಬ್ಯಾಡ್ಜುಗಳನ್ನಿಡುವ ಮರದ ಗೂಡುಗಳು. ಒಂದೊಂದೂ ಬ್ಯಾಡ್ಜಿನ ಅಳತೆಗೆ ಬಿಗಿಯಾಗಿ ಮಾಡಿಸಿದ್ದು. ಕೊನೆಯದು ತಂತ್ರಜ್ಞೆಯದು.

ಗೋಡೆಯ ಆಚೆ ಬದಿ ಎಕ್ಸ್‌ರೇ ಕೋಣೆ. ಎದೆಯ ಚಿತ್ರ ತೆಗೆಸುವವರು ನಿಲ್ಲುವ ಸ್ಟ್ಯಾಂಡು ಅದೇ ಗೋಡೆಗೆ ಒರಗಿಕೊಂಡಿತ್ತು. ಎಸಿ ಮಾತ್ರ ಬಾಗಿಲ ಕಡೆ ಗೋಡೆಯಲ್ಲಿತ್ತು. ಅದರ ಪೈಪು ಹೊರಹೋಗುವ ತೂತಿನ ಮೇಲೆ ಮೇಷ್ಟ್ರು ತಮ್ಮ ವೃತ್ತದ ಕಾಗದ ಹಿಡಿದರು. ಅಳೆದು ಕೊರೆದಂತೆ ಹೊಂದಿತು. ಆದರೆ ಆ ತೂತು ಗೂಡಿನಿಂದ ಬಹುದೂರ. ಮೇಷ್ಟ್ರ ಮುಖ ಸಪ್ಪಗಾಯಿತು.

ಅತ್ತಿಗೆ ಚೀಟಿಯಕ್ಕನ ಮೇಜಿನ ಬಳಿ ನೆಲ ನೋಡುತ್ತ ನಿಂತಿದ್ದರು. “ಇಲ್ಲಿ ಮೊದಲು ದೊಡ್ಡ ಮೇಜಿತ್ತಾ? ಕಾಲಿನ ಗುರುತು ಇದೆ.”

“ಡಾಕ್ಟ್ರದ್ದು. ಇದೇ ಜಾಗದಲ್ಲಿ ಕೂರ್ತಿದ್ರು. ಆಗ ಎಸಿ ಪೈಪೂ ಇಲ್ಲೇ ಇತ್ತು, ಅವರ ಹೆಗಲ ಮೇಲೆ ನೀರು ತೊಟ್ಟಿಕ್ಕೋದು. ಈಚೆಗೆ ಹೊಸ ಸ್ಟ್ಯಾಂಡ್ ಬಂದಾಗ ಎಸಿನ ಆ ಕಡೆ ಹಾಕಿಸಿ, ಇಲ್ಲಿ ಗಾರೆ ಮೆತ್ತಿ ಬಣ್ಣ ಹೊಡೆಸಿದ್ರು. ಆಮೇಲೆ ಈ ಜಾಗ ನನಗೆ ಬಿಟ್ಟುಕೊಟ್ರು. ಒಳಗಡೆ ಗಾಳಿ ಬೆಳಕು ಚೆನ್ನಾಗಿದೆ ಅಂದ್ರು. ದೊಡ್ಡ ಮನಸ್ಸು ಅವರದ್ದು.”

“ಮನಸ್ಸಿನ ಮಾತು ಆಮೇಲೆ. ಮೊದಲು ನೀವು ಈ ಕುರ್ಚಿ ಬಿಟ್ಟು ಏಳಿ,” ಎಂದರು ಅತ್ತಿಗೆ. ಅವರ ದನಿ ಅಷ್ಟು ಗಟ್ಟಿಯಾದದ್ದನ್ನು ಮೇಷ್ಟ್ರು ಅಪರೂಪಕ್ಕೆ ಕೇಳಿದ್ದರು.

ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೂ ಹಜಾರದಲ್ಲಿ ಸೇರಿದರು. ರಾತ್ರಿ ಪಾಳಿಯವನು ತಂತ್ರಜ್ಞೆಯ ಕಡೆ ನೋಡದೆ ನಿಂತಿದ್ದ.

“ಬ್ಯಾಡ್ಜು ಎದೆಯ ಮೇಲಿದ್ದಿದ್ರೆ, ಮೈ ಅಲ್ಲಾಡಿದ ಹಾಗೆ ಗೆರೆ ಕದಡಿಹೋಗ್ತಿತ್ತು,” ಎಂದು ಅತ್ತಿಗೆ ಶುರುಮಾಡಿದರು. “ಇದು ಚೂಪಾಗಿದೆ. ಅಂದ್ರೆ ಬ್ಯಾಡ್ಜು ಒಂದೇ ಕಡೆ ಕದಲದೆ ಇತ್ತು.”

“ನಾನು ಹೇಳಿದ್ದೂ ಅದೇ,” ಎಂದರು ಡಾಕ್ಟರು. “ಮೆಷಿನ್ ಮುಂದೆ ಇಟ್ಟಿದ್ದಾಳೆ.”

“ಇವರು ಇಟ್ಟಿರಲಿ, ಇವರ ಮೇಲಿನ ಸಿಟ್ಟಿಗೆ ರಾತ್ರಿ ಪಾಳಿಯವರು ಇಟ್ಟಿರಲಿ, ಫಿಲ್ಮು ಪೂರ್ತಿ ಕಪ್ಪಾಗಬೇಕಿತ್ತು. ಕಮಾನು ಎಲ್ಲಿಂದ ಬಂತು? ಕಿರಣ ಒಂದು ದುಂಡನೆಯ ತೂತಿನಿಂದ ತೂರಿ ಬಂದಿದೆ. ತೂತಿನ ಅಂಚಿನಲ್ಲಿ ಸೀಸ ತಡೆದ ಕಡೆ ಬಿಳಿ ಉಳಿದಿದೆ. ಎಕ್ಸ್‌ರೇ ಕೋಣೆಯ ಗೋಡೆಯೊಳಗೆ ಸೀಸದ ಹಾಳೆ ಇರಬೇಕು ಅನ್ನೋದು ಕಾನೂನು. ಎಸಿ ಪೈಪಿಗೆ ಅಂತ ಅದನ್ನ ಕೊರೆಸಿದ್ರಿ. ಪೈಪ್ ತೆಗೆದ ಮೇಲೆ ಸೀಸ ಹಾಕಲಿಲ್ಲ, ಬರೀ ಗಾರೆ ಮೆತ್ತಿಸಿದ್ರಿ. ಹಗಲು ಇವರ ಬ್ಯಾಡ್ಜು ಎದೆ ಮೇಲಿರುತ್ತೆ. ರಾತ್ರಿ ಆ ತೂತಿಗೆ ಎದುರಾಗಿರೋ ಗೂಡಿನಲ್ಲಿರುತ್ತೆ. ರಾತ್ರಿ ಎದೆ ಫೋಟೋ ತೆಗೆದಾಗಲೆಲ್ಲ ಅದಕ್ಕೆ ಒಂದೊಂದು ಪೆಟ್ಟು.”

“ಕೆಲಸದವರು ಗಾರೆ ಮೆತ್ತಿದ್ರೆ ಅದು ನನಗೇನು ಗೊತ್ತು?” ಡಾಕ್ಟರ ದನಿಯಲ್ಲಿ ಇನ್ನೂ ಬೆಣ್ಣೆಯಿತ್ತು.

“ಗೊತ್ತಿಲ್ಲದೇ ಇರಬಹುದು. ಹಾಗಿದ್ರೆ ಚೀಟಿಯಕ್ಕನ ಕುರ್ಚೀಲಿ ಸ್ವಲ್ಪ ಕೂತ್ಕೊಳ್ಳಿ. ಒಳಗೆ ಎದೆ ಫೋಟೋ ತೆಗೆಯೋ ಬಟನ್ ಒಮ್ಮೆ ಒತ್ತಿಸೋಣ.”

ಡಾಕ್ಟರು ಕುರ್ಚಿಯನ್ನು ನೋಡಿದರು, ಗೋಡೆಯನ್ನು ನೋಡಿದರು. ಅವರ ಕಾಲು ಮುಂದೆ ಬರುವ ಬದಲು ಹಿಂದಕ್ಕೆ ಸರಿಯಿತು.

“ಕೂರಲ್ಲ ಅಂತ ಗೊತ್ತಿತ್ತು,” ಎಂದರು ಅತ್ತಿಗೆ. “ಗಾಳಿ ಬೆಳಕು ಅಂತ ಹೇಳಿ ಕಿಟಕಿಯೇ ಇಲ್ಲದ ಕತ್ತಲಕೋಣೆಗೆ ಯಾರೂ ಹೋಗಲ್ಲ. ನಿಮ್ಮ ತಲೆ ತಪ್ಪಿಸಿಕೊಂಡ್ರಿ, ಆ ಜಾಗಕ್ಕೆ ಇನ್ನೊಂದು ತಲೆ ಕೂರಿಸಿದ್ರಿ.”

ರಾತ್ರಿ ಪಾಳಿಯವನು ತಾನಾಗಿಯೇ ಕಪಾಟಿನಿಂದ ವಿಕಿರಣ ಅಳೆಯುವ ಮೀಟರು ತಂದು ಖಾಲಿ ಕುರ್ಚಿಯ ಮೇಲಿಟ್ಟ. ಎಲ್ಲರನ್ನೂ ದೂರ ಸರಿಸಿ ಒಳಗೆ ಹೋದ. ಬಟನ್ ಒತ್ತಿದ ಕ್ಷಣ ಮೀಟರು ಕಿರುಚಿಕೊಂಡಿತು.

ಡಾಕ್ಟರ ದನಿ ಮೊದಲ ಸಲ ಒರಟಾಯಿತು. “ಗೋಡೆ ಒಡೆಸಿದ್ರೆ ಕೇಂದ್ರ ಮುಚ್ಚಬೇಕು, ಮಂಡಳಿ ಪರವಾನಗಿ ಹಿಡಿದಿಡುತ್ತೆ. ಆಗ ನಿಮ್ಮೆಲ್ಲರ ಹೊಟ್ಟೆಪಾಡು ಯಾರು ನೋಡ್ಕೋತಾರೆ?”

“ನಮ್ಮ ಹೊಟ್ಟೆ ಮುಂದಿಟ್ಟುಕೊಂಡು ನಮ್ಮ ಮೈ ಸುಡಬೇಡಿ,” ಎಂದಳು ತಂತ್ರಜ್ಞೆ. ಅವರು ಸಹಿಗೆಂದು ಕೊಟ್ಟಿದ್ದ ಕಾಗದವನ್ನು ಅವರ ಎದುರೇ ಹರಿದಳು. “ಇನ್ನು ಈ ಕೋಣೇಲಿ ನಾನು ಒಂದು ಚಿತ್ರಾನೂ ತೆಗೆಯಲ್ಲ.”

“ನಾನೂ ತೆಗೆಯಲ್ಲ,” ಎಂದ ರಾತ್ರಿ ಪಾಳಿಯವನು. ಆಗ ಅವಳ ಮುಖ ನೋಡಿದ.

ಚೀಟಿಯಕ್ಕ ಡಾಕ್ಟರ ಕಡೆ ತಿರುಗಿದಳು. “ಇವಳದ್ದು ಬ್ಯಾಡ್ಜಿಗೆ ತಾಗಿತು, ಲೆಕ್ಕ ಸಿಕ್ತು,” ಎಂದಳು ಮೆಲ್ಲಗೆ. “ನನ್ನ ಬೆನ್ನಿಗೆ ಯಾರು ಬ್ಯಾಡ್ಜು ಕೊಟ್ಟಿದ್ರು, ಡಾಕ್ಟ್ರೇ?”

ತಂತ್ರಜ್ಞೆ ಅಲ್ಲಿಂದಲೇ ಮಂಡಳಿಗೆ ಫೋನು ಮಾಡಿದಳು. ಮಾರನೆಯ ದಿನ, ಅತ್ತಿಗೆಯೂ ಮೇಷ್ಟ್ರೂ ಇದ್ದಾಗಲೇ, ಅಧಿಕಾರಿಗಳು ಬಂದು ಗೋಡೆ ಅಗೆಸಿ ನೋಡಿದರು, ಎಕ್ಸ್‌ರೇ ಕೋಣೆಗೆ ಮೊಹರು ಹಾಕಿದರು. ಚೀಟಿಯಕ್ಕನ ರಕ್ತ ಪರೀಕ್ಷೆಗೂ ಮುಂದಿನ ತಪಾಸಣೆಗೂ ಕೇಂದ್ರವೇ ಹೊಣೆ ಎಂದು ಬರೆಸಿಕೊಂಡರು.

ಅವರು ಹೋದ ಮೇಲೆ ಡಾಕ್ಟರು ಚೀಟಿಯಕ್ಕನಿಗೆ ತಗ್ಗಿದ ದನಿಯಲ್ಲಿ ಹೇಳಿದರು, “ಯಾರಾದ್ರೂ ಬಂದ್ರೆ ಮೆಷಿನ್ ಕೆಟ್ಟಿದೆ ಅಂತ ಹೇಳಿ ಕಳಿಸಮ್ಮ.”

ಅತ್ತಿಗೆಯೂ ಮೇಷ್ಟ್ರೂ ಮೆಟ್ಟಿಲಿಳಿಯುತ್ತಿದ್ದಾಗ ಮುದುಕರೊಬ್ಬರು ಕೆಮ್ಮುತ್ತ ಹತ್ತಿ ಬಂದರು. ಮೇಲೆ ಬಾಗಿಲಲ್ಲಿ ನಿಂತಿದ್ದ ಚೀಟಿಯಕ್ಕನ ದನಿ ಬೀದಿಗೂ ಕೇಳುವಂತಿತ್ತು.

“ಬೇರೆ ಕಡೆ ಹೋಗಿ, ಯಜಮಾನರೇ. ಮೆಷಿನ್ ಸರಿಯಾಗಿದೆ. ಗೋಡೆ ಕೆಟ್ಟಿದೆ. ಕೆಡಿಸಿದವರು ಒಳಗಿದ್ದಾರೆ, ಬೇಕಿದ್ರೆ ಕೇಳಿ.”