ಕಾರ್ಡಿನ ಮೊದಲ ಸಾಲು

"ಅಮ್ಮ, ಊಟ ಆದ್ಮೇಲೆ ಒಂದು ರುಜು ಹಾಕ್ಬೇಕು ನೀನು," ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ.

ಸೇನೆಯ ಪಡೆಯವರಿಗೆ ಬಟ್ಟೆ ಹೊಲಿದುಕೊಡುವ ದರ್ಜಿಯಮ್ಮ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. ಮೇಜಿನ ಮೇಲೆ, ನೀರಿನ ಲೋಟದ ಪಕ್ಕದಲ್ಲಿ, ಅಂಗೈ ಅಗಲದ ಹಳದಿ ಕಾರ್ಡು. ಪಡೆಯಲ್ಲಿರುವ ಪ್ರತಿಯೊಬ್ಬರಿಗೂ ಅಂಥದೊಂದು ಇರುತ್ತದೆ. ನನಗೇನಾದರೂ ಆದರೆ ಮೊದಲು ಯಾರಿಗೆ ತಿಳಿಸಬೇಕು ಎಂದು ಅದರ ಮೊದಲ ಸಾಲಿನಲ್ಲಿ ಬರೆದುಕೊಡಬೇಕು. ಜೀಪು ಬರುವುದು ಆ ಬಾಗಿಲಿಗೆ. ಗಾಯವಾದರೆ ಆಸ್ಪತ್ರೆಗೆ ಕರೆದೊಯ್ಯುವುದೂ ಆ ಒಬ್ಬರನ್ನೇ. ಮಿಕ್ಕವರು ಅವರಿವರ ಬಾಯಿಂದ ತಿಳಿದುಕೊಳ್ಳಬೇಕು, ಅಷ್ಟೇ. ಮಗ ನೆಲಬಾಂಬು ತೆಗೆಯುವ ದಳ ಸೇರಿ ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷವೂ ಆ ಸಾಲಿನಲ್ಲಿದ್ದದ್ದು ಅವಳ ಹೆಸರೇ. ಅದನ್ನು ತೆಗೆದು ಬೇರೆ ಹೆಸರು ಬರೆಯಬೇಕಾದರೆ, ಆ ಸಾಲಿನಿಂದ ಹೆಸರು ಹೋಗುವವರು "ನನಗೆ ಗೊತ್ತಿದೆ" ಎಂದು ರುಜು ಹಾಕಲೇಬೇಕು. ಹಾಕದಿದ್ದರೆ ಹಳೆಯ ಕಾರ್ಡೇ ಪಡೆಯ ಜೊತೆ ಹೊರಡುತ್ತದೆ. ಇದು ಅಲ್ಲಿನ ಹಳೇ ನಿಯಮ.

"ಯಾರ ಹೆಸರು?" ಗೊತ್ತಿದ್ದೂ ಕೇಳಿದಳು.

"ಉಪ್ಪಣ್ಣನದು. ಸೋಮವಾರ ನಮ್ಮ ಮದುವೆ ರಿಜಿಸ್ಟರ್ ಆಗತ್ತೆ ಅಮ್ಮ. ಗುರುವಾರ ನಮ್ಮ ದಳ ಹೊರಡತ್ತೆ. ಗಂಡ ಹೆಂಡತಿ ಇಬ್ಬರನ್ನೂ ಒಂದೇ ಕಡೆ ಕಳಿಸಲ್ಲ ಅನ್ನೋ ನಿಯಮ ಈಗ ನಮಗೂ ಬಂತಲ್ಲ… ಅವನು ಇಲ್ಲೇ ಇರ್ತಾನೆ."

ಉಪ್ಪಣ್ಣನೆಂದರೆ ಪಡೆಯ ಅಡುಗೆಮನೆಯ ಸೈನಿಕ. ಒಮ್ಮೆ ಜನರಲ್ ಬಂದ ದಿನ ನಾನೂರು ಜನರ ಊಟಕ್ಕೆ ಎರಡು ಸಲ ಉಪ್ಪು ಸುರಿದ ಪುಣ್ಯಾತ್ಮ. ಅಂದಿನಿಂದ ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟು ಬೇರೆ ಯಾವತ್ತೂ ಯಾರಿಗೂ ಬೇಕಾಗಿಲ್ಲ. ನಾಲ್ಕು ವರ್ಷದಿಂದ ಅವನು ಮಗನ ಗೆಳೆಯನೆಂದೇ ಈ ಮನೆಗೆ ಬಂದು ಹೋಗುತ್ತಿದ್ದ. ಗೆಳೆಯನಲ್ಲ, ಅದಕ್ಕಿಂತ ಹೆಚ್ಚು ಎಂದು ಕಳೆದ ವರ್ಷ ಮಗ ಬಾಯಿಬಿಟ್ಟು ಹೇಳಿದಾಗ ದರ್ಜಿಯಮ್ಮ ಅತ್ತಿರಲಿಲ್ಲ, ಕೂಗಾಡಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲು ಎದ್ದು ಹೋಗಿದ್ದಳು. ಆರು ತಿಂಗಳ ಹಿಂದೆ, ಗಂಡು ಗಂಡನ್ನೂ ಮದುವೆಯಾಗಬಹುದು ಎಂಬ ಹೊಸ ಕಾನೂನು ಬಂದಾಗಲೂ ಸುಮ್ಮನಿದ್ದಳು. ಆದರೆ ಈ ಸಾಲು… ಈ ಒಂದು ಸಾಲು!

"ನಾನು ಹೆತ್ತೋಳು ಕಣೋ! ಅವನು ನಿನ್ನೆ ಬಂದೋನು!" ಎಂದು ಅವಳು ಚೀರಿದ್ದಕ್ಕೆ ಪಕ್ಕದ ಕ್ವಾರ್ಟರ್ಸಿನ ಕಿಟಕಿ ತೆರೆದುಕೊಂಡಿತು. "ಮದುವೆ ಮಾಡ್ಕೋ, ಏನಾದ್ರೂ ಮಾಡ್ಕೋ. ನನ್ನ ಹೆಸರು ಮಾತ್ರ ಅಳಿಸಬೇಡ. ರುಜು ಹಾಕಲ್ಲ ನಾನು!"

ಮಗ ಅರ್ಧ ಊಟಕ್ಕೇ ಎದ್ದು ಕೈತೊಳೆದ. ಕಾರ್ಡನ್ನು ಮಾತ್ರ ಅಲ್ಲೇ ಬಿಟ್ಟು ಹೋದ.

ಹೊಟ್ಟೆಕಿಚ್ಚೆಂಬುದಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ. ಮಗನ ಅಂಗಿಗಳನ್ನೆಲ್ಲ ಹೊಲಿದವಳು ಅವಳೇ. ಗುಂಡಿಯ ನಾಲ್ಕು ತೂತಿನಲ್ಲಿ ದಾರವನ್ನು ಎರಡು ನೇರ ಗೆರೆಯಾಗಿ ಎಳೆಯುವುದು ಅವಳ ಕೈಯ ರೂಢಿ. ಒಂದು ದಿನ ಮಗನ ಅಂಗಿ ಒಗೆಯುವಾಗ ಮೂರನೇ ಗುಂಡಿಯಲ್ಲಿ ದಾರ ಕತ್ತರಿಯಾಕಾರವಾಗಿ ಹಾದಿತ್ತು. ಯಾರೋ ಹೊಲಿದಿದ್ದರು, ಅದೂ ಚೆನ್ನಾಗಿಯೇ ಹೊಲಿದಿದ್ದರು! ಅವಳು ಅದನ್ನು ಬಿಚ್ಚಿ ಮತ್ತೆ ತನ್ನ ರೀತಿಯಲ್ಲಿ ಹೊಲಿದಳು. ಮುಂದಿನ ವಾರ ನಾಲ್ಕನೇ ಗುಂಡಿ. ಅದನ್ನೂ ಬಿಚ್ಚಿದಳು. "ಮನೇಲಿ ಯಾಕೋ ಕಮ್ಮಿ ತಿಂತೀಯ" ಎಂದರೆ ಮಗ "ಅಲ್ಲೇ ತಿಂದ್ಬಂದೆ ಅಮ್ಮ" ಎನ್ನುವನು. ಅಲ್ಲೇ! ಆ 'ಅಲ್ಲಿ' ಎಂಬುದು ದಿನದಿಂದ ದಿನಕ್ಕೆ ಬೆಳೆದು ಇವಳ ಮನೆಗಿಂತ ದೊಡ್ಡದಾಗುತ್ತಿತ್ತು.

ಬೆಂಕಿಗೆ ತುಪ್ಪ ಸುರಿಯಲು ಸಂಜೆ ಅವಳ ಅಣ್ಣ ಬಂದ. ನಿವೃತ್ತ ಸಾರ್ಜೆಂಟ್. ನಿವೃತ್ತಿಯಾಗಿ ಎಂಟು ವರ್ಷವಾದರೂ ಚಹಾದ ಲೋಟವನ್ನು ಬಂದೂಕಿನಂತೆ ನೆಟ್ಟಗೆ ಹಿಡಿಯುವ ಮನುಷ್ಯ. ದೇವರನ್ನು ನಂಬಿದವನು, ಪ್ರಾರ್ಥನೆ ಮಾಡದೆ ಒಂದು ದಿನವೂ ಬೂಟು ಕಟ್ಟಿದವನಲ್ಲ.

"ರುಜು ಹಾಕದೆ ಒಳ್ಳೇದು ಮಾಡ್ದೆ. ನಾಳೆ ಬಿಚ್ಚುಮಾತಿನ ಸಭೆ ಇದೆ. ಎದ್ದು ನಿಂತು ಎಲ್ಲರ ಮುಂದೆ ಹೇಳು. ನಾನು ಹೇಳಿದ್ರೆ ಮುದುಕ ಗೊಣಗ್ತಾನೆ ಅಂತಾರೆ. ಹೆತ್ತ ತಾಯಿ ಹೇಳಿದ್ರೆ ಕರ್ನಲ್ ಮೇಡಂ ಕೂಡ ಕೇಳ್ಬೇಕು."

"ಅಣ್ಣ, ನನಗೆ ಧರ್ಮ ಗಿರ್ಮ ಅಷ್ಟು ಗೊತ್ತಾಗಲ್ಲ…"

"ನನಗೆ ಗೊತ್ತು. ನೀನು ಅತ್ರೆ ಸಾಕು."

ತಿಂಗಳಿಗೊಮ್ಮೆ ಪಡೆಯ ಊಟದ ಹಾಲ್‌ನಲ್ಲಿ ನಡೆಯುವ ಆ ಸಭೆಗೆ ಟೋಪಿಯನ್ನು ಬಾಗಿಲಲ್ಲೇ ಬಿಟ್ಟು ಬರಬೇಕು. ಟೋಪಿ ಇಲ್ಲದ ತಲೆಗೆ ದರ್ಜೆಯಿಲ್ಲ, ಕರ್ನಲ್ ಆದರೂ ಸಿಪಾಯಿಯಾದರೂ ಒಂದೇ ಎಂಬುದು ಅಲ್ಲಿನ ಪದ್ಧತಿ. ಮನೆಯವರೂ ಬರಬಹುದು, ಮಾತಾಡಬಹುದು. ಶನಿವಾರ ಬೆಳಿಗ್ಗೆ ಹಾಲ್ ಕಿಕ್ಕಿರಿದಿತ್ತು. ಪಡೆಯಲ್ಲಿ ಇದೇ ಮೊದಲ ಇಂಥ ಮದುವೆ. ನೋಡದೆ ಬಿಡುತ್ತಾರೆಯೇ?

ಅಣ್ಣನೇ ಮೊದಲು ಎದ್ದ. "ಮೂವತ್ತು ವರ್ಷ ಈ ಪಡೇಲಿ ಬೆವರು ಸುರಿಸಿದೋನು ನಾನು. ಗಂಡು ಹೆಣ್ಣು ಸೇರಿದ್ರೆ ಮದುವೆ. ದೇವರು ಹಾಗೇ ಮಾಡಿದ್ದಾನೆ. ಕಾನೂನು ಬರೆದೋರು ಕುರ್ಚಿ ಮೇಲೆ ಕೂತು ಬರೆದ್ರು, ಕಂದಕದಲ್ಲಿ ಕೂತಲ್ಲ. ನೀತಿ ಹೋದ್ರೆ ಶಿಸ್ತು ಹೋಗತ್ತೆ. ಶಿಸ್ತು ಹೋದ್ರೆ ಜೀವ ಹೋಗತ್ತೆ!"

"ಸಾರ್ಜೆಂಟ್ ಸಾಹೇಬ್ರೇ," ಎಂದಳು ಹಿಂದಿನ ಬೆಂಚಿನಿಂದ ಪಡೆಯ ನರ್ಸು. "ನಿಮ್ಮ ತೊಡೆಯಿಂದ ಸಿಡಿಗುಂಡಿನ ಚೂರು ತೆಗೆದೆನಲ್ಲ, ಆಗ ನಾನು ಯಾರನ್ನ ಇಷ್ಟಪಡ್ತೀನಿ ಅಂತ ವಿಚಾರಿಸಿದ್ರಾ?"

ಕೂತಿದ್ದವರೆಲ್ಲ ಗೊಳ್ಳೆಂದರು. ಅಣ್ಣ ಕೆಂಪಾದ.

ಮಗನ ದಳದವನೇ ಒಬ್ಬ ಎದ್ದು ನಿಂತ. ಅವನ ಮುಖದಲ್ಲಿ ನಗುವಿರಲಿಲ್ಲ. "ನಗಬೇಡಿ. ನನ್ನ ನಂಬಿಕೆಯಲ್ಲೂ ಇದು ತಪ್ಪೇ. ಅವನ ಜೊತೆ ಬಾಂಬು ತೆಗೀತೀನಿ, ಬೇಕಾದ್ರೆ ಅವನ ಬದಲು ಸಾಯ್ತೀನಿ. ಆದ್ರೆ ಮದುವೆಗೆ ಬಂದು ಚಪ್ಪಾಳೆ ತಟ್ಟು ಅಂದ್ರೆ ನನ್ನಿಂದ ಆಗಲ್ಲ. ಅದಕ್ಕೆ ನನ್ನನ್ನ ಕೆಟ್ಟೋನು ಅನ್ಬೇಡಿ."

"ಚಪ್ಪಾಳೆ ಬೇಡ ಮಾರಾಯ, ಕಾರ್ಡಿನಲ್ಲಿ ಒಂದು ಸಾಲು ಸಾಕು," ಎಂದ ಮಗ. ಅವನ ಕಣ್ಣು ತಾಯಿಯ ಕಡೆಗಿತ್ತು.

ಕರ್ನಲ್ ಮೇಡಂ ಪಡೆಯ ಗುರುಗಳನ್ನು ನೋಡಿದರು. ಗುರುಗಳು ವಯಸ್ಸಾದವರು, ಮಾತು ಕಡಿಮೆ. "ನಾನು ಈ ಮದುವೆಗೆ ಆಶೀರ್ವಾದ ಮಾಡಲಾರೆ. ನನ್ನ ಗ್ರಂಥ ಒಪ್ಪಲ್ಲ, ನಾನು ಅದನ್ನ ತಿದ್ದೋನೂ ಅಲ್ಲ," ಎಂದರು. ಅಣ್ಣ ಎದೆಯುಬ್ಬಿಸಿದ. "ಆದ್ರೆ ಸಾರ್ಜೆಂಟ್, ಜೀಪಿನಲ್ಲಿ ಕೂತು ಸಾವಿನ ಸುದ್ದಿ ಒಯ್ಯೋನೂ ನಾನೇ. ಇಪ್ಪತ್ತೆರಡು ಬಾಗಿಲು ತಟ್ಟಿದ್ದೀನಿ. ತಪ್ಪು ಬಾಗಿಲು ತಟ್ಟಿದ್ರೆ ಅದು ಪಾಪವೋ ಅಲ್ಲವೋ? ಅದನ್ನ ನನ್ನ ಗ್ರಂಥದಲ್ಲಿ ಬಹಳ ಹುಡುಕಿದ್ದೀನಿ."

ಅಣ್ಣ ತಂಗಿಯ ಮೊಣಕೈ ತಿವಿದ. ದರ್ಜಿಯಮ್ಮ ಎದ್ದಳು. ಆಚೆ ಗೋಡೆಗೆ ಒರಗಿ ಉಪ್ಪಣ್ಣ ನಿಂತಿದ್ದ, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ. ಅವನನ್ನು ನೋಡಿದ ಕೂಡಲೇ ಅವಳ ಹೊಟ್ಟೆಯಲ್ಲಿ ಉರಿ ಎದ್ದಿತು. ಇವತ್ತು ಇವನ ಮುಂದೆಯೇ ತನ್ನ ಕಷ್ಟವನ್ನೆಲ್ಲ ತೋಡಿಕೊಳ್ಳಬೇಕು, ಇವನು ತಲೆ ತಗ್ಗಿಸಬೇಕು ಎಂದುಕೊಂಡಳು.

"ನಾನು ಗಂಡನ್ನ ಕಳ್ಕೊಂಡೋಳು. ಅವರೂ ಇದೇ ಪಡೇಲಿದ್ರು. ನಿಮಗೆಲ್ಲ ಗೊತ್ತು. ಆದ್ರೆ ಹೇಗೆ ಕಳ್ಕೊಂಡೆ ಅಂತ ಗೊತ್ತಿಲ್ಲ. ಮದುವೆಯಾಗಿ ಎರಡು ವರ್ಷವಾದ್ರೂ ಕಾರ್ಡಿನಲ್ಲಿ ಅತ್ತೆ ಹೆಸರೇ ಇತ್ತು. ನಮ್ಮ ಯಜಮಾನ್ರು ಕಾರ್ಡು ತಗೊಂಡು ಹೋಗಿ ಅವರ ಕಾಲು ಹಿಡಿದ್ರು. ಅತ್ತೆ ರುಜು ಹಾಕ್ಲಿಲ್ಲ. ಜೀಪು ಅತ್ತೆ ಊರಿಗೆ ಹೋಯ್ತು. ಅಣ್ಣ ಆಗ ದೂರದ ಗಡೀಲಿದ್ದ. ನಾನು ಇಲ್ಲಿ ಬಸುರಿ… ಅವರಿಗೇಂತ ಅಂಗಿ ಹೊಲೀತಾ ಕೂತಿದ್ದೆ. ಒಂದಿನ, ಎರಡ್ದಿನ, ಮೂರು ದಿನ. ನಾಲ್ಕನೇ ದಿನ ರಸ್ತೇಲಿ ಯಾರೋ 'ಸಮಾಧಾನ ಮಾಡ್ಕೋ ತಾಯಿ' ಅಂದ್ರು. 'ಯಾಕೆ?' ಅಂದೆ… ನಗ್ತಾ ಕೇಳ್ದೆ… ಅಷ್ಟೊತ್ತಿಗೆ ಮಣ್ಣು ಮಾಡಿ ಆಗಿತ್ತು! ಮುಖ ಕೂಡ ನೋಡ್ಲಿಲ್ಲ ನಾನು!"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅತ್ತೇನ ಕೇಳ್ದೆ, ಯಾಕೆ ಹೀಗೆ ಮಾಡಿದ್ರಿ ಅಂತ. 'ನಾನು ಹೆತ್ತೋಳು, ನೀನು ನಿನ್ನೆ ಬಂದೋಳು' ಅಂದ್ರು. ಇಪ್ಪತ್ತೆಂಟು ವರ್ಷ ಆಯ್ತು, ಆ ಮಾತು…"

ಅವಳ ಬಾಯಿ ಅಲ್ಲಿಗೆ ನಿಂತಿತು. ನಿನ್ನೆ ತನ್ನ ಊಟದ ಮೇಜಿನ ಎದುರು ಚೀರಿದ್ದು ಯಾರ ಮಾತು ಎಂಬುದು ಅವಳಿಗೆ ಆಗ ಹೊಳೆಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಕಾಲ ತನಗೆ ಯಾವಾಗ ಬಂತು? ತಾನು ಯಾವಾಗ ಅತ್ತೆಯ ಜಾಗದಲ್ಲಿ ಬಂದು ನಿಂತೆ? ಎದುರಿಗೆ ಉಪ್ಪಣ್ಣ ಮಗುವಿನಂತೆ ಅಳುತ್ತಿದ್ದ. ತನಗಾಗಿ ಅಲ್ಲ, ಅವಳಿಗಾಗಿ ಅಳುತ್ತಿದ್ದ. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಮುಂದೆ ಹೇಳು," ಎಂದ ಅಣ್ಣ ಮೆಲ್ಲಗೆ.

"ಮುಂದೆ ಏನೂ ಇಲ್ಲ ಅಣ್ಣ," ಎಂದಳು. "ಕಾರ್ಡು ಕೊಡೋ ಇಲ್ಲಿ."

ಬೆಳಿಗ್ಗೆ ಮೇಜಿನಿಂದ ಎತ್ತಿಟ್ಟುಕೊಂಡಿದ್ದ ಕಾರ್ಡನ್ನು ಜೇಬಿನಿಂದ ತೆಗೆಯುತ್ತ ಮಗ ಓಡಿ ಬಂದ. ಊಟದ ಮೇಜಿನ ಮೇಲೆ ಬಗ್ಗಿ ಅವಳು ರುಜು ಹಾಕಿದಳು. ಆಮೇಲೆ ಉಪ್ಪಣ್ಣನನ್ನು ಕೈಸನ್ನೆ ಮಾಡಿ ಹತ್ತಿರ ಕರೆದಳು.

"ನೋಡು, ಪ್ರೀತಿ ಉಕ್ಕಿ ಹಾಕಿದ್ದಲ್ಲ ಇದು. ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯತ್ತೆ. ನಾಳೇನೂ ಉರಿಯತ್ತೆ. ಆದ್ರೆ ಜೀಪು ನಿನ್ನ ಬಾಗಿಲಿಗೆ ಬಂದ್ರೆ, ಆ ಗಳಿಗೇನೇ ನನ್ನ ಬಾಗಿಲಿಗೆ ನೀನು ಬರ್ಬೇಕು. ಮೂರು ದಿನ ಬಿಟ್ಟು ಅಲ್ಲ. ತಿಳೀತಾ?"

"ಬರ್ತೀನಮ್ಮ…"

ಅಣ್ಣ ಬಾಗಿಲಲ್ಲಿದ್ದ ಟೋಪಿ ತೆಗೆದುಕೊಂಡು ಹೋದ. ಮದುವೆಗೂ ಬರಲಿಲ್ಲ. ದರ್ಜಿಯಮ್ಮ ಹೋಗಿದ್ದಳು, ಹಿಂದಿನ ಸಾಲಿನಲ್ಲಿ, ಮುಖ ಗಂಟಿಕ್ಕಿಕೊಂಡು ಕೂತಿದ್ದಳು.

ದಳ ಹೊರಟ ಏಳನೇ ವಾರ. ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಕ್ವಾರ್ಟರ್ಸಿನ ಬೀದಿಗೆ ಮುಖಮಾಡಿದ ತನ್ನ ಅಂಗಡಿಯಲ್ಲಿ ಅವಳು ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದಳು. ಬೀದಿಯ ಆ ತುದಿಯಲ್ಲಿ ಜೀಪು ತಿರುಗಿತು. ಮುಂದಿನ ಸೀಟಿನಲ್ಲಿ ಗುರುಗಳು ಕೂತಿದ್ದರು.

ಅವಳ ಕಾಲು ಯಂತ್ರದ ಪೆಡಲಿನ ಮೇಲೆಯೇ ನಿಂತಿತು. ಜೀಪು ಬಂತು. ಗುರುಗಳು ಅವಳನ್ನು ನೋಡಿದರು, ನೋಡಿಯೂ ನಿಲ್ಲಿಸುವಂತಿರಲಿಲ್ಲ. ಜೀಪು ಅವಳ ಬಾಗಿಲು ದಾಟಿತು… ದಾಟಿಯೇ ಹೋಯಿತು! ಪಡೆಯ ಅಡುಗೆಮನೆಯ ಕಡೆಗೆ ತಿರುಗಿತು. ದೇವರೇ, ಕೆಟ್ಟ ಸುದ್ದಿ ಕೂಡ ಅವನಿಗೇ ಮೊದಲಾ? ಆ ಗಳಿಗೆಯಲ್ಲೂ ಅವಳಿಗೆ ಮೊದಲು ಬಂದದ್ದು ಆ ಹಾಳು ಹೊಟ್ಟೆಕಿಚ್ಚೇ. ಭಯ ಬಂದದ್ದು ಅದರ ಹಿಂದೆ.

ಐದು ನಿಮಿಷವೂ ಆಗಿರಲಿಕ್ಕಿಲ್ಲ. ಉಪ್ಪಣ್ಣ ಏಪ್ರನ್ನಿನಲ್ಲೇ, ಬರಿಗಾಲಲ್ಲಿ, ಬೀದಿಯ ನಡುವೆ ಓಡಿ ಬರುತ್ತಿದ್ದ. ದೂರದಿಂದಲೇ ಕೂಗಿದ.

"ಬದುಕಿದ್ದಾನೆ! ಅಮ್ಮ, ಬದುಕಿದ್ದಾನೆ!"

ಅವಳು ಎದ್ದು ಬಾಗಿಲಿಗೆ ಬಂದಳು. ಅವನು ಬಂದು ಅವಳ ಕಾಲ ಬಳಿ ಕುಸಿದು ಕೂತ.

"ಎಡಗಾಲು ಹೋಗಿದೆ… ಮೊಣಕಾಲಿನ ಕೆಳಗೆ. ರಕ್ತ ತುಂಬಾ ಹೋಗಿದೆಯಂತೆ, ಇನ್ನೂ ಎಚ್ಚರ ಇಲ್ಲ. ಉಳೀತಾನೋ ಇಲ್ವೋ ಎರಡು ದಿನ ಏನೂ ಹೇಳಕ್ಕಾಗಲ್ಲ ಅಂದ್ರು. ಮಧ್ಯಾಹ್ನ ವಿಮಾನ ಹೊರಡತ್ತೆ. ಒಬ್ಬರಿಗೆ ಮಾತ್ರ ಜಾಗ." ಅವನು ಏಪ್ರನ್ನಿನ ತುದಿಯಲ್ಲಿ ಮುಖ ಒರೆಸಿಕೊಂಡ. "ನೀವು ಹೋಗಿ ಅಮ್ಮ. ನಾನು ಗುರುಗಳಿಗೆ ಹೇಳ್ಬಂದೆ. ನನ್ನ ಜಾಗ ತಾಯಿಗೆ ಬಿಟ್ಕೊಡ್ತೀನಿ ಅಂದ್ರೆ ಒಪ್ತಾರಂತೆ. ಅವನ ಅಪ್ಪನ ಮುಖ ನೋಡಕ್ಕೆ ನಿಮಗೆ ಆಗ್ಲಿಲ್ಲ. ಇವನ ಮುಖ ಆದ್ರೂ…"

ಹೋಗುತ್ತೇನೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಬರಬಾರದು? ಒಂಬತ್ತು ತಿಂಗಳು ಹೊತ್ತವಳು, ಬಾಯಿಗೆ ತುತ್ತಿಟ್ಟವಳು. ಅವಳೇನು ಬೇಡಿ ಪಡೆಯಬೇಕಾಗಿರಲಿಲ್ಲ, ಅವನೇ ಎರಡೂ ಕೈಯಲ್ಲಿ ಎತ್ತಿ ಕೊಡುತ್ತಿದ್ದ. ಅವಳ ಕಾಲು ಆಗಲೇ ಒಳಗೆ ಚೀಲದ ಕಡೆಗೆ ತಿರುಗಿತ್ತು.

"ಒಂದು ಮಾತು ನಿಜ ಹೇಳು," ಎಂದಳು. "ಎಚ್ಚರ ಆದ ಕೂಡ್ಲೇ ಅವನು ಯಾರನ್ನ ಕೇಳ್ತಾನೆ?"

ಸುಳ್ಳು ಹೇಳಲು ಉಪ್ಪಣ್ಣನಿಗೆ ಬರುತ್ತಿರಲಿಲ್ಲ. ಅದೊಂದು ಗುಣ ಅವನಲ್ಲಿದೆ ಎಂದು ಅವಳು ಎಂದೋ ಕಂಡುಕೊಂಡಿದ್ದಳು, ಒಪ್ಪಿಕೊಂಡಿರಲಿಲ್ಲ. ಅವನು ತಲೆ ತಗ್ಗಿಸಿ ಕೂತ. ಅವನು ತಲೆ ತಗ್ಗಿಸುವುದನ್ನು ನೋಡಬೇಕೆಂದು ಎಷ್ಟು ದಿನದಿಂದ ಆಸೆಪಟ್ಟಿದ್ದಳೋ! ಈಗ ನೋಡಿದಳು. ನೋಡಲಾಗಲಿಲ್ಲ.

"ಏಳು," ಎಂದಳು. "ಬರಿಗಾಲಲ್ಲಿ ವಿಮಾನ ಹತ್ತಿಸ್ಕೊಳ್ಳಲ್ಲ ಅವರು. ಹೋಗಿ ಬೂಟು ಹಾಕ್ಕೋ."

"ಅಮ್ಮ…"

"ಏಳು ಅಂದೆ! ನನ್ನ ಮನಸ್ಸು ಬದಲಾಗೋದ್ರೊಳಗೆ ಹೋಗು." ಅವನ ತೋಳು ಹಿಡಿದೆತ್ತಿ, ಏಪ್ರನ್ನಿನ ಗಂಟು ತಾನೇ ಬಿಚ್ಚಿದಳು. "ಅವನು ಕಣ್ಣು ಬಿಟ್ಟಾಗ ನೀನು ಎದುರಿಗಿರು. ನಿನ್ನನ್ನ ನೋಡಿ ಆದ್ಮೇಲೆ, 'ಅಮ್ಮ ಎಲ್ಲಿ?' ಅಂತ ಕೇಳಿದ್ರೆ… ಕೇಳಿದ್ರೆ ಮಾತ್ರ… ಜಾಗ ಒಂದೇ ಇತ್ತು, ಅಮ್ಮಾನೇ ನನ್ನ ಕಳಿಸಿದ್ಲು ಅಂತ ಹೇಳು."

ಅವನು ಓಡಿದ. ಬೀದಿಯ ತುದಿ ತಿರುಗುವವರೆಗೂ ಅವಳು ನೋಡುತ್ತ ನಿಂತಿದ್ದಳು.