ಗೋಡೆಗಂಟಿದ ಬಾಬಾ ಯಾಗಾ

ಬೇಕರಿಯ ಗೋಡೆಯಿಂದ ಕಿತ್ತ ಚಿತ್ರವನ್ನು ಅಚ್ಚುಚಿತ್ರ ಕೆತ್ತುವ ಬ್ರೋನ್ಯಾ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿದಾಗ ಅದರ ಬೆನ್ನಿನ ಅಂಟು ಇನ್ನೂ ಒಣಗಿರಲಿಲ್ಲ.

"ಊರಲ್ಲಿ ಹದಿನೇಳು ಕಡೆ ಅಂಟ್ಸಿದಾರೆ, ಪಾನಿ ತೆಯೋಫಿಲಾ. ಚರ್ಚಿನ ಬಾಗಿಲನ್ನೂ ಬಿಟ್ಟಿಲ್ಲ. ನಾಲ್ಕು ಗಂಟೆಗೆ ಸಭೆ. ನನ್ನನ್ನ ಸಂಘದಿಂದ ಹೊರಗೆ ಹಾಕ್ತಾರಂತೆ."

"ಅಂಟಿಸಿದ್ದು ನೀನೇನಾ?"

"ನಾನಾಗಿದ್ರೆ ಕೆಳಗೆ ಹೆಸರು ಬರೀತಿದ್ದೆ."

ಊರೆಲ್ಲ ಪಾನಿ, ಅಂದರೆ ಅಮ್ಮಾವರು, ಎಂದು ಕರೆಯುವ ತೆಯೋಫಿಲಾ ನಲವತ್ತು ವರ್ಷ ಔಷಧದಂಗಡಿ ನಡೆಸಿದವರು. ಬುಗ್ ನದಿಯ ದಂಡೆಯ ನಮ್ಮ ಊರಿನಲ್ಲಿ ಯಾರಿಗೆ ಯಾವ ಕಾಯಿಲೆ, ಯಾರಿಗೆ ಯಾವ ಸುಳ್ಳು ಎಂಬುದು ಅವರಿಗೆ ಬಾಯಿಪಾಠ. ಅವರ ಮನೆಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದ ನಾನು ಪತ್ರಿಕೆಯ ಕರಡು ತಿದ್ದುವವನು. ಅಚ್ಚಾದ ತಪ್ಪುಗಳು ನನ್ನ ಪಾಲಿಗೆ, ಉಳಿದವು ಅವರ ಪಾಲಿಗೆ.

ಚಿತ್ರದಲ್ಲಿ ಬಾಬಾ ಯಾಗಾ ಇದ್ದಳು: ಒರಳಿನಲ್ಲಿ ಕೂತು ಹಾರುವ ಕಾಡುಮುದುಕಿ, ಹಿಂದೆ ಕೋಳಿಕಾಲಿನ ಗುಡಿಸಲು. ಮುಖ ಮಾತ್ರ ಕರಕುಶಲ ಸಂಘದ ಅಧ್ಯಕ್ಷ ಗವ್ರೊನ್‌ಸ್ಕಿಯವರದು. ಎರಡು ವಾರದ ಹಿಂದೆ ಅವರು ಈ ಚಿತ್ರದ ಅಚ್ಚಿಗಾಗಿ ಬ್ರೋನ್ಯಾ ಕೆತ್ತಿದ ಮರದ ಹಲಗೆಯನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅವಳನ್ನು ಅಂದೇ ಹೊರಹಾಕಲು ಹೊರಟರೂ, ಯಾರೂ ನೋಡದ ಚಿತ್ರದಿಂದ ಯಾರ ಮಾನ ಹೋಯಿತು ಎಂದು ಸದಸ್ಯರು ಒಪ್ಪಿರಲಿಲ್ಲ. ಈಗ ಊರೇ ನೋಡಿತ್ತು. ಸಂಘ ಬಿಟ್ಟವರಿಗೆ ಆ ದಿನಗಳಲ್ಲಿ ಕಾಗದವೂ ಸಿಗುತ್ತಿರಲಿಲ್ಲ, ಮಸಿಯೂ ಸಿಗುತ್ತಿರಲಿಲ್ಲ; ಬ್ರೋನ್ಯಾಳ ಕಸುಬು ಅಲ್ಲಿಗೆ ಮುಗಿದಂತೆ.

"ಬೀರುವಿನ ಕೀ ಯಾರ್ಯಾರ ಹತ್ರ ಇದೆ?"

"ಒಂದು ಅಧ್ಯಕ್ಷರ ಹತ್ರ, ಇನ್ನೊಂದು ವಾಲೆಂತಿ ತಾತನ ಹತ್ರ. ತಾತ ನನಗೆ ಹಲಗೆ ಕದ್ದು ಕೊಟ್ರು ಅಂತ ಹಬ್ಬಿಸಿದಾರೆ."

ವಾಲೆಂತಿ ಸಂಘದ ಹಿರಿಯ ಮುದ್ರಕ. ಅಧ್ಯಕ್ಷರೊಡನೆ ಮಾತು ಬಿಟ್ಟು ವರ್ಷವಾಗಿತ್ತು.

ಪಾನಿ ತೆಯೋಫಿಲಾ ಉಗ್ರಾಣದ ಬಾಗಿಲು ತೆರೆದರು. ಒಳಬದಿಗೆ ಬ್ರೋನ್ಯಾ ಹಿಂದೆ ಕೊಟ್ಟಿದ್ದ ಅದೇ ಚಿತ್ರದ ಮೊದಲ ಪ್ರತಿ ಇತ್ತು. ಅಲ್ಲಿಗೂ ಮೇಜಿಗೂ ನಾಲ್ಕು ಸಲ ಓಡಾಡಿದರು. ಬೇಕರಿಯ ಚಿತ್ರದ ಮುದುಕಿ ಉಗ್ರಾಣದ ಬಾಗಿಲಿನವಳಿಗಿಂತ ತುಸು ಸೊರಗಿದಂತೆ ನನಗೂ ಕಂಡಿತು. ಅಂಟಿನ ಸುಕ್ಕಿರಬೇಕೆಂದುಕೊಂಡೆ. ಕಪ್ಪು ಬಣ್ಣ ಕೂಡ ಗಸಗಸೆ ಚೆಲ್ಲಿದ ಹಾಗೆ ಚುಕ್ಕೆಚುಕ್ಕೆಯಾಗಿತ್ತು.

"ಒಣ ಕಾಗದದ ಮೇಲೆ ಅಚ್ಚು ಹೊಡೆದಿದಾರೆ," ಎಂದಳು ಬ್ರೋನ್ಯಾ, ತನ್ನನ್ನೇ ಬೈದವಳಂತೆ. "ಹಿಂದಿನ ದಿನವೇ ಒದ್ದೆ ಮಾಡಿ ಭಾರದ ಕೆಳಗೆ ಇಡ್ಬೇಕು. ತಾತ ನಮ್ಗೆಲ್ಲ ಕೈಮೇಲೆ ಬಾರಿಸಿ ಕಲಿಸಿದ್ದು."

"ಸಭೆಗೆ ನಾವೂ ಬರ್ತೀವಿ," ಎಂದರು ಪಾನಿ ತೆಯೋಫಿಲಾ.

ಸಭೆ ಕಾರ್ಯಾಗಾರದಲ್ಲೇ ಸೇರಿತ್ತು. ಮರದ ಚಮಚ ಕೆತ್ತುವ ಕಸುಬಿನಿಂದ ಅಧ್ಯಕ್ಷರ ಕುರ್ಚಿಗೇರಿದ ಗವ್ರೊನ್‌ಸ್ಕಿ ಸಂಘದ ಗೌರವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಪಾನಿ ತೆಯೋಫಿಲಾ ಎದ್ದರು.

"ನೀವು ಸದಸ್ಯರಲ್ಲ," ಎಂದರು ಗವ್ರೊನ್‌ಸ್ಕಿ.

"ನಿಮ್ಮ ಹೊಟ್ಟೆನೋವಿಗೆ ಪುಡಿ ಕೊಡೋವಾಗ್ಲೂ ಸದಸ್ಯಳಾಗಿರ್ಲಿಲ್ಲ. ಕೂತ್ಕೊಳ್ಳಿ."

ಅವರು ಎರಡೂ ಚಿತ್ರಗಳನ್ನು ಅಚ್ಚು ಒಣಹಾಕುವ ಹಗ್ಗಕ್ಕೆ ಸಿಕ್ಕಿಸಿದರು.

"ಗೋಡೆಯ ಚಿತ್ರ ಒಣ ಕಾಗದದ್ದು. ವಾಲೆಂತಿ ಹಾಗೆ ಹೊಡೆಯೋರಲ್ಲ, ಅವರ ಕೈಯಲ್ಲಿ ಕಲಿತೋರೂ ಅಲ್ಲ. ಅಲ್ಲಿಗೆ ಅಚ್ಚಿನ ಕೋಣೆಯವರೆಲ್ಲ ನಿಶ್ಚಿಂತೆಯಾಗಿ ಮನೆಗೆ ಹೋಗಬಹುದು. ಉಳಿದಿದ್ದು ಇನ್ನೊಂದು ಕೀ."

"ಕೀ ಇದ್ರೆ ಕಳ್ಳನಾ? ನನ್ನ ಮಾನ ನಾನೇ ಕಳ್ಕೊಳ್ತೀನಾ?"

"ಪೂರ್ತಿ ಕಳ್ಕೊಂಡಿಲ್ವಲ್ಲ. ಇಲ್ಲಿ ನೋಡಿ. ಬ್ರೋನ್ಯಾ ಕೊಟ್ಟ ಮುದುಕಿಗೆ ಮೂರು ಗದ್ದ, ಗೋಡೆಯವಳಿಗೆ ಒಂದೇ. ಮರ ತೋಡಿ ತೆಗೆದ ಜಾಗ ಅಚ್ಚಲ್ಲಿ ಬಿಳಿಯಾಗತ್ತೆ. ಯಾರೋ ಹಲಗೆಯಲ್ಲಿ ಎರಡು ಗದ್ದ ಕೆತ್ತಿ ಬಿಸಾಕಿ ಆಮೇಲೆ ಅಚ್ಚು ಹಾಕಿದಾರೆ. ನಿಮ್ಮ ಶತ್ರುವಾಗಿದ್ರೆ ಇನ್ನೊಂದು ಸೇರಿಸ್ತಿದ್ದ. ಬ್ರೋನ್ಯಾಳನ್ನ ಸಿಕ್ಕಿಸೋಕೆ ಊರೆಲ್ಲ ಅಂಟಿಸಲೇಬೇಕಿತ್ತು. ಅದಕ್ಕೆ ಕೋರೆಹಲ್ಲು ಸಹಿಸಿದ್ರಿ, ಮೂಗಿನ ನರಹುಲಿ ಸಹಿಸಿದ್ರಿ. ಗದ್ದ ಮಾತ್ರ ಆಗ್ಲಿಲ್ಲ."

ವಾಲೆಂತಿ ಆಗಲೇ ಬೀರು ತೆರೆದು ಹಲಗೆಯನ್ನು ಎತ್ತಿ ಹಿಡಿದಿದ್ದ. ಮಸಿ ಕುಡಿದು ಕಪ್ಪಾದ ಮರದಲ್ಲಿ ಗದ್ದದ ಕೆಳಗೆ ಮಾತ್ರ ಹೊಸ ಬಿಳುಪು. ಅವನು ಅಲ್ಲಿ ಹೆಬ್ಬೆರಳು ಇಟ್ಟ. ಬೆರಳು ಗುಂಡನೆಯ ತಗ್ಗಿನಲ್ಲಿ ಕೂತಿತು.

"ನಮ್ಮ ಉಳಿ ಹೀಗೆ ತೋಡಲ್ಲ," ಎಂದ. "ಇದು ಚಮಚದ ಬಾಗುಕತ್ತಿ. ಒಳ್ಳೆ ಕೈ. ಸೂಪು ಕುಡೀಬಹುದು."

ಸಂಘದಲ್ಲಿ ಚಮಚದ ಕೈಯೆಂದರೆ ಒಂದೇ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿಗೆ ಬರಲು ತಡವಾಗಲಿಲ್ಲ. ಬ್ರೋನ್ಯಾಳನ್ನು ಹೊರಹಾಕಲು ಕೈಯೆತ್ತಿ ಎಂದಾಗ ಒಂದು ಕೈಯೂ ಏಳಲಿಲ್ಲ, ಗವ್ರೊನ್‌ಸ್ಕಿಯವರದೂ ಸೇರಿ.

"ಆದ್ರೂ ಆ ಮುಖಕ್ಕೆ ಅವಳು ಕ್ಷಮೆ ಕೇಳ್ಬೇಕು," ಎಂದರು ಅವರು, ಕಿವಿಯವರೆಗೆ ಕೆಂಪಾಗಿ.

ಬ್ರೋನ್ಯಾ ಜೇಬಿನಿಂದ ಪೆನ್ಸಿಲ್ ತೆಗೆದು, ಹಾಳೆಯೊಂದನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು.

"ಆ ಹಲಗೆ ಕೆಟ್ಟೋಯ್ತು, ಅಧ್ಯಕ್ಷರೇ. ಹೊಸದು ಕೆತ್ಬೇಕು. ಹೋದ ಸಲ ನೆನಪಿಂದ ಕೆತ್ತಿದ್ದೆ, ಅಷ್ಟು ಸರಿ ಬಂದಿರ್ಲಿಲ್ಲ. ಈಗ ಸ್ವಲ್ಪ ಕಿಟಕಿ ಕಡೆ ತಿರುಗಿ."